ಜಗಳಾಡದ ತಂಗಿ

ಉಮೈಮಳ ತೊಂದರೆಗೆಲ್ಲ ಕಾರಣ, ಆತಿಕಾ ಜಗಳಾಡದೆ ಇದ್ದದ್ದು.

ಮನೆಮಾರು ಬಿಟ್ಟು ಮಕ್ಕಾದಿಂದ ಬಂದವರನ್ನು ಮದೀನಾದವರು ಒಡಹುಟ್ಟಿದವರೆಂದು ಒಪ್ಪಿ ಮನೆಗೆ ಕರೆದುಕೊಂಡ ಕಾಲವದು. ಉಮೈಮಳ ಗಂಡ, ಹಾಗೆ ಬಂದ ಆತಿಕಾಳ ಗಂಡನಿಗೆ ಖರ್ಜೂರದ ಫಸಲಿನಲ್ಲಿ ಅರ್ಧ ಕೊಟ್ಟಿದ್ದ. ಉಮೈಮ ಕೋಣೆ, ಕಂಬಳಿ, ಮೇಕೆಯ ಹಾಲು ಎಲ್ಲದರಲ್ಲೂ ಅರ್ಧ ಕೊಟ್ಟಿದ್ದಳು. ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಅದನ್ನೇ ಹೇಳಿಕೊಳ್ಳುತ್ತಿದ್ದಾಗ ಕಬ್ಶಾ ಹಗ್ಗ ಎಳೆಯುವುದನ್ನು ನಿಲ್ಲಿಸಿದಳು.

ಕಬ್ಶಾ ಔಸ್ ಕುಲದವಳು, ಉಮೈಮ ಖಜ್ರಜ್ ಕುಲದವಳು. ಮೊನ್ನೆಮೊನ್ನೆಯವರೆಗೆ ಕತ್ತಿ ಹಿರಿದು ನಿಂತಿದ್ದ ಎರಡು ಕುಲಗಳೂ ಈಗ ಒಂದೇ ಸಾಲಿನಲ್ಲಿ ನಮಾಜಿಗೆ ನಿಲ್ಲುತ್ತಿದ್ದವು. ಪೈಪೋಟಿ ಮಾತ್ರ ಹೋಗಿರಲಿಲ್ಲ. ಈಗದು ಅತಿಥಿಗಳನ್ನು ಯಾರು ಹೆಚ್ಚು ಪ್ರೀತಿಸುತ್ತಾರೆ ಎಂಬುದಕ್ಕೆ ತಿರುಗಿತ್ತು.

“ನಮ್ಮನೆಗೆ ಬಂದವಳು ದಿನಾ ನನ್ನ ಜತೆ ಜಗಳಾಡ್ತಾಳೆ,” ಎಂದಳು ಕಬ್ಶಾ. “ಸ್ವಂತ ಮನೆ ಅನ್ನಿಸಿದ್ರೆ ತಾನೆ ಜಗಳ? ನಿನ್ನವಳು ಬಾಯಿ ಬಿಟ್ಟದ್ದನ್ನ ಯಾರೂ ಕೇಳಿಲ್ಲ ಕಣೇ. ಹೆದರಿಸಿ ಇಟ್ಟಿದ್ದೀಯೋ ಏನೋ. ಸಂಜೆ ನಾವೆಲ್ಲ ಬಂದು ನೋಡ್ತೀವಿ.”

ತುಂಬಿದ ಕೊಡಕ್ಕಿಂತ ಆ ಮಾತೇ ಭಾರವಾಗಿತ್ತು. ಎಲ್ಲದರಲ್ಲೂ ಅರ್ಧ ಕೊಟ್ಟೆ, ಸಿಟ್ಟು ಮಾಡಿಕೊಳ್ಳುವ ಸಲುಗೆಯನ್ನೇ ಕೊಡಲಿಲ್ಲವೇ ಎಂದು ಉಮೈಮಳಿಗೆ ಕಸಿವಿಸಿಯಾಯಿತು. ಸಂಜೆಯೊಳಗೆ ಆತಿಕಾ ಒಮ್ಮೆಯಾದರೂ ರೇಗಲೇಬೇಕು.

ಮೊದಲು ಆತಿಕಾ ಗುಡಿಸಿದ್ದ ಅಂಗಳಕ್ಕೆ ಉಮೈಮ ಬೂದಿ ಚೆಲ್ಲಿದಳು. ಆತಿಕಾ ನಗುತ್ತಾ ಮತ್ತೆ ಗುಡಿಸಿದಳು. ಉಮೈಮ ಮೇಕೆಯನ್ನು ಅವಳ ಚಾಪೆಯ ಪಕ್ಕದಲ್ಲೇ ಕಟ್ಟಿದಳು. ಅದು ಅವಳ ಮುಸುಕಿನ ಅಂಚನ್ನು ಊಟಕ್ಕೆ ಕೂತ ಮಾವನಷ್ಟು ಗಂಭೀರವಾಗಿ ಅಗಿಯಿತು.

“ಪಾಪ, ಹಸಿದಿತ್ತು ಅಂತ ಕಾಣುತ್ತೆ ಅಕ್ಕಾ.”

“ನಿಂಗೆ ಸಿಟ್ಟೇ ಬರಲ್ವೇನೇ?”

“ಇಷ್ಟೆಲ್ಲ ಕೊಟ್ಟೋರ ಮೇಲೆ ಹೇಗಕ್ಕಾ ಸಿಟ್ಟು?”

ಉಮೈಮಳ ಎದೆಗೆ ಮುಳ್ಳು ಚುಚ್ಚಿದಂತಾಯಿತು. ಕೊನೆಯ ಅಸ್ತ್ರವೆಂದು ಜವೆಗೋಧಿಯ ಗಂಜಿಗೆ ಬೊಗಸೆ ಉಪ್ಪು ಸುರಿದಳು. ಅಷ್ಟರಲ್ಲೇ ಕಬ್ಶಾ ಇಡೀ ಓಣಿಯ ಹೆಂಗಸರೊಂದಿಗೆ ಅಂಗಳಕ್ಕೆ ಬಂದು, ಯಾರೂ ಕರೆಯುವ ಮೊದಲೇ ಗಂಜಿಗೆ ಕೈಹಾಕಿದಳು.

“ಥೂ, ಇದೇನು ಗಂಜಿಯೋ ಸಮುದ್ರದ ನೀರೋ? ಖಜ್ರಜ್‌ನೋರ ಮನೇಲಿ ತಂಗೀರಿಗೆ ಇದನ್ನೇ ಬಡಿಸೋದಾ?”

ಆತಿಕಾ ಎದ್ದು ನಿಂತಳು. ಅವಳು ಅಷ್ಟು ಎತ್ತರವಿದ್ದಾಳೆಂದು ಯಾರೂ ಗಮನಿಸಿರಲಿಲ್ಲ.

“ಬಾಯಿ ಮುಚ್ಚು ಕಬ್ಶಾ. ನಮ್ಮಕ್ಕನ ಗಂಜಿ ದಿನಾ ಹೀಗೇ ಇರುತ್ತೆ. ರೊಟ್ಟಿ ಒಂದು ಕಡೆ ಸೀದಿರುತ್ತೆ, ಇನ್ನೊಂದು ಕಡೆ ಹಸಿ. ಗೊರಕೆ ಹೊಡೆದ್ರೆ ಗೋಡೆ ಮಣ್ಣು ಉದುರುತ್ತೆ. ಮಾತಿಗೆ ಕೂತ್ರೆ ಒಲೆ ಆರಿದ್ದೂ ಗೊತ್ತಾಗಲ್ಲ. ಅದನ್ನೆಲ್ಲ ಅನ್ನೋಕೆ ತಂಗಿ ನಾನಿದ್ದೀನಿ. ನೀನ್ಯಾರು?”

ಕಬ್ಶಾ ಕೈ ಒರೆಸಿಕೊಂಡು, “ಸೋತೆ ಕಣೇ, ಇವಳು ನಿನ್ನ ಒಡಹುಟ್ಟೇ,” ಎಂದು ಎದ್ದಳು.

ಮರುದಿನ ಬಾವಿಕಟ್ಟೆಯಲ್ಲಿ ಔಸ್‌ನವರೂ ಖಜ್ರಜ್‌ನವರೂ ಎಂದೂ ಇಲ್ಲದ ಒಗ್ಗಟ್ಟಿನಿಂದ ಉಮೈಮಳ ಗೊರಕೆಯನ್ನು ಅಣಕಿಸುತ್ತಿದ್ದರು. ಉಮೈಮ ತಲೆಯ ಮೇಲಿನ ಕೊಡವನ್ನು ಒಂದಿಷ್ಟೂ ಅಲುಗಿಸದೆ, ರಾಣಿಯ ಹಾಗೆ, ಅವರ ನಡುವೆಯೇ ನಡೆದು ಹೋದಳು.