ಹೊರಟವರು ತಲುಪುವ ತನಕ ಕಚೇರಿಯ ನೆಲ ಗುಡಿಸದಿರುವ ಕುರಿತು

ನಿರ್ಗಮನ ಅನುಮತಿ ಕಚೇರಿ
ಕಾಮ್ನಿ ಪಟ್ಟಣ, ಕರೇಲಿಯಾ

ಸಂಖ್ಯೆ: ನಿಅಕ/ನೆಲ/೦೪/೧೯೯೩
ದಿನಾಂಕ: ೧೨ನೇ ಫೆಬ್ರವರಿ ೧೯೯೩, ಶುಕ್ರವಾರ

ಪರಿಷ್ಕೃತ ಸುತ್ತೋಲೆ

ವಿಷಯ: ಕಾಯುವ ಕೋಣೆಯ ನೆಲವನ್ನು ಗುಡಿಸುವ, ಗುಡಿಸದಿರುವ ಹಾಗೂ ಒರೆಸುವುದನ್ನು ಗುಡಿಸುವುದಕ್ಕಿಂತ ಗಂಭೀರವೆಂದು ಪರಿಗಣಿಸುವ ಬಗ್ಗೆ.

ಉಲ್ಲೇಖ:
(೧) ನಾಗರಿಕರು ದೇಶದಿಂದ ಹೊರಹೋಗುವುದರ ಮೇಲಿದ್ದ ನಿರ್ಬಂಧಗಳನ್ನು ಸಡಿಲಿಸಿದ ಕಾಯ್ದೆ. ಜನವರಿ ಒಂದರಿಂದ ಜಾರಿ.
(೨) ಈ ಕಚೇರಿಯ ಸುತ್ತೋಲೆಗಳು ನೆಲ/೦೧, ನೆಲ/೦೨ ಮತ್ತು ನೆಲ/೦೩ (ಮೂರನ್ನೂ ಯಾರೂ ಪಾಲಿಸಿಲ್ಲ).
(೩) ನೆರೆಯ ಫಿನ್ಲೆಂಡಿನ ಗಡಿ ಜಿಲ್ಲೆಯವರ ಒಂದೇ ಸಾಲಿನ ಪತ್ರ: "ನಿಮ್ಮಲ್ಲಿಂದ ನಮ್ಮಲ್ಲಿಗೆ ಎಷ್ಟು ಜನ ಬರುವ ಅಂದಾಜಿದೆ?"
(೪) ಗುಡಿಸುವ ಸಿಬ್ಬಂದಿ ಶ್ರೀಮತಿ ಅಗ್ರಫೇನಾ ಯೆಗೊರೊವ್ನಾ ಪುಖೋವಾ ಅವರು ಪೊರಕೆಯನ್ನು ಗೋಡೆಗೆ ಒರಗಿಸಿ ನೀಡಿದ ಮೌಖಿಕ ಉತ್ತರ.

ಪ್ರಸ್ತಾವನೆ

ಕಳೆದ ಡಿಸೆಂಬರ್ ಕೊನೆಯವರೆಗೆ ಈ ಪಟ್ಟಣದಿಂದ ದೇಶದ ಹೊರಗೆ ಹೋಗಬಯಸುವವರು ಹನ್ನೊಂದು ಸಹಿ, ಎರಡು ಗುಣನಡತೆ ಪತ್ರ ಮತ್ತು ಹೋಗಲು ಒಂದು ಕಾರಣವನ್ನು ಸಲ್ಲಿಸಬೇಕಿತ್ತು. ಮೂವತ್ತೊಂದು ವರ್ಷಗಳಲ್ಲಿ ನಾಲ್ವರು ಹೋದರು. ಸದರಿ ಅವಧಿಯಲ್ಲಿ ಕಾಯುವ ಕೋಣೆಯ ನೆಲವು ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳುವಷ್ಟು ಸ್ವಚ್ಛವಾಗಿತ್ತು. ಜಿಲ್ಲೆಯಿಂದ ಮೂರು ಪ್ರಶಂಸಾಪತ್ರಗಳು ಬಂದಿವೆ. ಈ ಜನವರಿಯಿಂದ ಕಾರಣ ಕೇಳುವುದನ್ನು ನಿಲ್ಲಿಸಲಾಗಿದೆ. ಸೋಮವಾರ, ಬುಧವಾರ, ಶುಕ್ರವಾರಗಳಂದು ಕಚೇರಿಯ ಬಾಗಿಲಿನಿಂದಲೇ ಗಡಿಯಾಚೆಯ ಯೋಯೆನ್ಸೂ ನಗರಕ್ಕೆ ಬಸ್ಸು ಹೊರಡುತ್ತದೆ. ವೀಸಾ ಕೊಡುವುದು ಆ ಕಡೆಯವರ ತಲೆನೋವು, ಹೊರಡಿಸುವುದಷ್ಟೇ ನಮ್ಮದು.

ಅಂದಿನಿಂದ ನೆಲವನ್ನು ಗುಡಿಸಿಲ್ಲ.

ಹೊರಟವರು ಊರು ಮುಟ್ಟಿದ ಸುದ್ದಿ ಬರುವ ತನಕ ಅವರು ಹೊರಟ ಜಾಗವನ್ನು ಗುಡಿಸಬಾರದು, ಗುಡಿಸಿದರೆ ಅವರ ದಾರಿಯೂ ಕಸದೊಂದಿಗೆ ಹೋಗುತ್ತದೆ ಎಂಬ ರೂಢಿ ಈ ಪಟ್ಟಣದ ಎಲ್ಲ ಮನೆಗಳಲ್ಲೂ ಇದೆ. (ಕೆಳಸಹಿದಾರರು ಸೈನ್ಯಕ್ಕೆ ಹೋದಾಗ ಅವರ ತಾಯಿ ಆರು ದಿನ ಮನೆ ಗುಡಿಸಿರಲಿಲ್ಲ. ಈ ವಾಕ್ಯವನ್ನು ಕಡತಕ್ಕೆ ಸೇರಿಸತಕ್ಕದ್ದಲ್ಲ.) ರೂಢಿಯು ಮನೆಗಳಿಗೆ ಅನ್ವಯಿಸುತ್ತದೆಯೇ ಹೊರತು ಕಚೇರಿಗಳಿಗಲ್ಲ ಎಂದು ಸುತ್ತೋಲೆ ನೆಲ/೦೧ರಲ್ಲಿ ಸ್ಪಷ್ಟಪಡಿಸಲಾಗಿತ್ತು. ಆದರೆ ಜನರು ಈಗ ಹೊರಡುತ್ತಿರುವುದು ಮನೆಯಿಂದಲ್ಲ, ಈ ಕೋಣೆಯಿಂದ ಎಂಬುದು ಸಿಬ್ಬಂದಿ ವರ್ಗದಲ್ಲಿ ಗ್ರೂಶಾ ಅತ್ತೆ ಎಂದು ಕರೆಯಲಾಗುವ ಶ್ರೀಮತಿ ಪುಖೋವಾ ಅವರ ನಿಲುವು.

ಜನವರಿ ೪ರ ಮೊದಲ ಬಸ್ಸಿನಲ್ಲಿ ಅವರ ಒಬ್ಬಳೇ ಮಗಳು, ಕಾಗದದ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದ ಕುಮಾರಿ ರಿಮ್ಮಾ ಪುಖೋವಾ ಹೊರಟಿರುತ್ತಾರೆ. ಸದರಿಯವರು ಹಿಂದೆ ಹನ್ನೊಂದು ಬಾರಿ ಅರ್ಜಿ ಸಲ್ಲಿಸಿ, ಕಾರಣದ ಜಾಗದಲ್ಲಿ ಪ್ರತಿ ಬಾರಿಯೂ "ನೋಡಲು" ಎಂದು ಬರೆದಿದ್ದರು. ಕೆಳಸಹಿದಾರರು ಪ್ರತಿ ಬಾರಿಯೂ "ನೋಡಲು ಇಲ್ಲಿಯೂ ಇದೆ" ಎಂದು ಷರಾ ಬರೆದು ಹಿಂದಿರುಗಿಸಿದ್ದರು. ಹೋದ ಮೇಲೆ ರಿಮ್ಮಾರಿಂದ ಯಾವ ಸುದ್ದಿಯೂ ಬರಲಿಲ್ಲ. ಗುಡಿಸುವಂತೆ ಜ್ಞಾಪನ ನೀಡಿದಾಗ ಶ್ರೀಮತಿ ಪುಖೋವಾ ಕೆಳಸಹಿದಾರರಿಗೆ ಹೇಳಿದ್ದನ್ನು ಯಥಾವತ್ತಾಗಿ ದಾಖಲಿಸಲಾಗಿದೆ:

"ಅರ್ಕಾದಿ ಲುಕಿಚ್, ಗುಡ್ಸು ಅಂದ್ರೆ ಗುಡ್ಸೋದು ನನ್ನ ಕೆಲ್ಸ. ಆದ್ರೆ ಹುಡುಗಿ ಇನ್ನೂ ದಾರೀಲಿದಾಳೆ. ಹನ್ನೊಂದ್ ಸಲ ನೀವೇ ಅವಳ ದಾರಿ ಗುಡ್ಸಿ ಹಾಕಿದ್ರಿ. ಹನ್ನೆರಡನೇದು ನನ್ನ ಕೈಲಿ ಮಾಡಿಸ್ಬೇಡಿ."

ಯೋಯೆನ್ಸೂಗೆ ಬಸ್ಸಿನಲ್ಲಿ ನಾಲ್ಕೇ ಗಂಟೆಯ ದಾರಿಯೆಂದೂ, ಬಸ್ಸು ಅಂದೇ ಮುಟ್ಟಿದೆಯೆಂದೂ ಅವರ ಗಮನಕ್ಕೆ ತರಲಾಯಿತು.

"ಬಸ್ ಮುಟ್ಟಿದ್ದು ನಂಗೂ ಗೊತ್ತು. ಬಸ್ಸಿನ್ ಯೋಗಕ್ಷೇಮ ಯಾರ್ ಕೇಳಿದ್ರು?"

ಈ ನಡುವೆ ಉಲ್ಲೇಖ (೩)ರ ನೆರೆದೇಶದವರು, ಹಿಮದ ಮೇಲೆ ನಡೆದುಕೊಂಡು ಲಕ್ಷಾಂತರ ಜನ ಬರುತ್ತಾರೆಂದು ತಮ್ಮ ಪತ್ರಿಕೆಗಳಲ್ಲಿ ಓದಿ, ನಿಜಸ್ಥಿತಿ ಅರಿಯಲು ಇದೇ ೧೮ರ ಗುರುವಾರ ನಿಯೋಗವೊಂದನ್ನು ಕಳುಹಿಸುತ್ತಿದ್ದಾರೆ. ಅವರು ಕಾಯುವ ಕೋಣೆಯನ್ನೇ ನೋಡಬೇಕಂತೆ. ಕೋಣೆಯಲ್ಲಿ ಸೂರ್ಯಕಾಂತಿ ಬೀಜದ ಸಿಪ್ಪೆ, ಬೂಟಿನ ಮರಳು ಮತ್ತು ಮರದ ಹೊಟ್ಟು ಸೇರಿ ಮೂರು ಬೆರಳು ದಪ್ಪ ನಿಂತಿದೆ. ೧೭ರ ಸಂಜೆಯೊಳಗೆ ನೆಲ ಗುಡಿಸದಿದ್ದಲ್ಲಿ "ಗುಡಿಸುವ ಸಿಬ್ಬಂದಿಯನ್ನು ಕೆಲಸದಿಂದ ಬಿಡುಗಡೆ ಮಾಡತಕ್ಕದ್ದು" ಎಂದು ಜಿಲ್ಲೆಯಿಂದ ಆದೇಶ ಬಂದಿದೆ. ಶ್ರೀಮತಿ ಪುಖೋವಾ ಅವರಿಗೆ ಪಿಂಚಣಿ ಬರಲು ಇನ್ನೂ ಒಂಬತ್ತು ತಿಂಗಳಿದೆ.

ಮೇಲ್ಕಂಡ ಸಂಗತಿಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಹಿಂದಿನ ಸುತ್ತೋಲೆಗಳನ್ನು ಅನುಭವದ ಬೆಳಕಿನಲ್ಲಿ ತಿದ್ದಿ, ಕೆಳಕಂಡಂತೆ ಈ ಮೂಲಕ ಸೂಚಿಸಲಾಗಿದೆ.

೧. "ನೆಲ" ಎಂದರೆ ಹೊರಬಾಗಿಲಿನಿಂದ ಅರ್ಜಿ ಸ್ವೀಕರಿಸುವ ಗಾಜಿನ ಕಿಟಕಿಯವರೆಗಿನ ಜಾಗ. ಕಿಟಕಿಯ ಒಳಬದಿಯಿಂದ, ಅಂದರೆ ಸಿಬ್ಬಂದಿ ಕೂರುವಲ್ಲಿಂದ, ಈವರೆಗೆ ಯಾರೂ ಎಲ್ಲಿಗೂ ಹೊರಟಿಲ್ಲವಾದ್ದರಿಂದ ಅದನ್ನು ಎಂದಿನಂತೆ ದಿನಕ್ಕೆರಡು ಬಾರಿ ಗುಡಿಸತಕ್ಕದ್ದು.

೨. ಪ್ರಯಾಣಕ್ಕೆ ಮುನ್ನ ಪೆಟ್ಟಿಗೆಯ ಮೇಲೆ ಒಂದು ನಿಮಿಷ ಮೌನವಾಗಿ ಕೂರುವ ರೂಢಿಗೆ ಕಚೇರಿಯ ಆಕ್ಷೇಪವಿಲ್ಲ. ಪೆಟ್ಟಿಗೆಯಿಲ್ಲದವರು ೧೯೬೨ರಿಂದ ೧೯೯೨ರವರೆಗಿನ ತಿರಸ್ಕೃತ ಅರ್ಜಿಗಳ ಕಟ್ಟುಗಳ ಮೇಲೆ ಕೂರಬಹುದು. ಕಟ್ಟುಗಳು ಗಟ್ಟಿಮುಟ್ಟಾಗಿವೆ.

೩. ಅಂಗಳದ ಶೌಚಾಲಯಕ್ಕೆ ಹೋದವರನ್ನು ನಿರ್ಗಮಿಸಿದವರೆಂದು ಪರಿಗಣಿಸತಕ್ಕದ್ದಲ್ಲ. ಆದರೆ ಜನವರಿ ೨೨ರಂದು ಹಾಗೆ ಹೋದ ದಂತವೈದ್ಯರೊಬ್ಬರು ಅಲ್ಲಿಂದಲೇ ಬಸ್ಸು ಹತ್ತಿರುವುದರಿಂದ, ಇನ್ನು ಮುಂದೆ ಶೌಚಾಲಯಕ್ಕೆ ಹೋಗುವವರು ಟೋಪಿಯನ್ನು ಕೋಣೆಯಲ್ಲೇ ಬಿಟ್ಟುಹೋಗತಕ್ಕದ್ದು.

೪. ಹೊರಟವರು ಉಗುಳಿದ ಸಿಪ್ಪೆಯನ್ನು ಗುಡಿಸುವಂತಿಲ್ಲ. ಉಳಿದವರದ್ದನ್ನು ಗುಡಿಸಲು ಅಡ್ಡಿಯಿಲ್ಲ. ಗುರುತು ಸಿಗಲೆಂದು, ಹೊರಡುವವರು ಸೂರ್ಯಕಾಂತಿ ಬೀಜವನ್ನೂ ಉಳಿಯುವವರು ಕುಂಬಳ ಬೀಜವನ್ನೂ ತಿನ್ನತಕ್ಕದ್ದೆಂದು ನೆಲ/೦೨ರಲ್ಲಿ ವಿಧಿಸಲಾಗಿತ್ತು. ಇದು ಫಲ ನೀಡಲಿಲ್ಲ. ನಿವೃತ್ತ ರೈಲು ಚಾಲಕ ಯೆಫಿಮ್ ಕುಜ್ಮಿಚ್ ಅವರು ಪ್ರತಿದಿನ ಬಂದು ಎರಡನ್ನೂ ಬೆರೆಸಿ ತಿನ್ನುತ್ತಾರೆ. ವಿವರಣೆ ಕೇಳಲಾಗಿ, "ಒಂದ್ ಜೇಬಲ್ಲಿ ಹೋಗೋದಿದೆ, ಇನ್ನೊಂದ್ ಜೇಬಲ್ಲಿ ಇರೋದಿದೆ. ಕೈ ಯಾವ್ ಜೇಬಿಗೆ ಹೋಗುತ್ತೋ ನಾನೇನ್ ಮಾಡ್ಲಿ ಸ್ವಾಮಿ" ಎಂದರು. ವಿಧಿಯನ್ನು ಹಿಂಪಡೆಯಲಾಗಿದೆ.

೫. ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬಹುದೇ ಎಂದು ಮೇಲಿನ ಕಚೇರಿಗೆ ಬರೆಯಲಾಗಿತ್ತು. ಅಲ್ಲಿಯ ಮಹಿಳಾ ಸಿಬ್ಬಂದಿ ಒಕ್ಕೊರಲಿನಿಂದ, ಗುಡಿಸಿದರೆ ದಾರಿ ಪಕ್ಕಕ್ಕೆ ಸರಿಯುತ್ತದೆ, ಒರೆಸಿದರೆ ಅಳಿದೇ ಹೋಗುತ್ತದೆ ಎಂದು ತಿಳಿಸಿದ್ದಾರೆ. ಆದ್ದರಿಂದ ಒರೆಸುವುದನ್ನು ಗುಡಿಸುವುದಕ್ಕಿಂತ ಗಂಭೀರ ಕೃತ್ಯವೆಂದು ಪರಿಗಣಿಸಲಾಗುವುದು.

೬. ಬಾಗಿಲು ತೆರೆದಾಗ ಸರೋವರದ ಕಡೆಯ ಗಾಳಿ ಒಳಬಂದು ನೆಲವನ್ನು ತಾನೇ ಗುಡಿಸುತ್ತಿರುವುದು ಗಮನಕ್ಕೆ ಬಂದಿದೆ. ಗಾಳಿಯ ಮೇಲೆ ಶಿಸ್ತುಕ್ರಮಕ್ಕೆ ಅವಕಾಶವಿಲ್ಲವಾದ್ದರಿಂದ, ಬಸ್ಸಿನ ದಿನಗಳಂದು ಬಾಗಿಲನ್ನು ಮುಚ್ಚಿ, ಪ್ರಯಾಣಿಕರನ್ನು ಪಕ್ಕದ ಕಿಟಕಿಯಿಂದ ಹೊರಡಿಸತಕ್ಕದ್ದು. ಹೊರಗಡೆ ಸ್ಟೂಲು ಇಡಲಾಗಿದೆ. ಎಪ್ಪತ್ತು ವರ್ಷ ಮೀರಿದವರಿಗೆ ಇಬ್ಬರು ಗುಮಾಸ್ತರು ಆಸರೆ ಕೊಡತಕ್ಕದ್ದು. ಒಬ್ಬರು ಒಳಗಿನಿಂದ ತಳ್ಳಿ, ಇನ್ನೊಬ್ಬರು ಹೊರಗಿನಿಂದ ಎಳೆದು.

೭. ಊರು ಮುಟ್ಟಿದವರು ಕಚೇರಿಯ ದೂರವಾಣಿ ೨-೧೪ಕ್ಕೆ ಕರೆ ಮಾಡಿ "ತಲುಪಿದೆ" ಎಂದಷ್ಟೇ ಹೇಳತಕ್ಕದ್ದು. ಹೆಚ್ಚಿನ ಮಾತಿಗೆ ವಹಿಯಲ್ಲಿ ಜಾಗವಿಲ್ಲ. ಫೆಬ್ರವರಿ ೧೦ರವರೆಗೆ ಒಟ್ಟು ೨೧೨ ಮಂದಿ ಹೊರಟಿದ್ದು, ೧೬೮ ಮಂದಿ ಕಾಫಿಪುಡಿ ಡಬ್ಬಿಗಳೊಂದಿಗೆ ಹಿಂದಿರುಗಿದ್ದಾರೆ. ಉಳಿದ ೪೪ರಲ್ಲಿ ೪೩ ಮಂದಿಯ ಕರೆ ಬಂದಿದೆ. ಒಬ್ಬರು, "ತಲುಪಿದೆ, ಆದ್ರೆ ಇಲ್ಲಿ ಬಸ್ಸಲ್ಲಿ ಯಾರೂ ಮಾತೇ ಆಡ್ತಿಲ್ಲ, ಏನಾದ್ರೂ ತಪ್ಪು ಮಾಡಿದೀನಾ?" ಎಂದು ಕೇಳಿದ್ದಾರೆ. ತಪ್ಪಿಲ್ಲ, ಅದು ಅವರ ಸ್ವಭಾವ ಎಂದು ತಿಳಿಸಲಾಯಿತು. ಗೇರ್ ಕೆಟ್ಟು ಬುಧವಾರದಿಂದ ಬಸ್ಸು ನಿಂತಿರುವುದರಿಂದ ಹೊಸದಾಗಿ ಯಾರೂ ದಾರಿಯಲ್ಲಿಲ್ಲ. ಹೀಗಾಗಿ ನೆಲ ಗುಡಿಸಲು ಬಾಕಿಯಿದ್ದುದು ರಿಮ್ಮಾ ಪುಖೋವಾ ಅವರ ಒಂದು ಮಾತು ಮಾತ್ರ.

ಸದರಿ ಕರೆ ನಿನ್ನೆ, ೧೧ರ ಗುರುವಾರ ಬೆಳಗ್ಗೆ ಹನ್ನೊಂದು ಗಂಟೆ ಐದು ನಿಮಿಷಕ್ಕೆ ಬಂದಿತು. ಶ್ರೀಮತಿ ಪುಖೋವಾ ಆಗ ಹೊರಗೆ ಮೆಟ್ಟಿಲ ಮೇಲಿನ ಮಂಜುಗಡ್ಡೆ ಒಡೆಯುತ್ತಿದ್ದರು. ಕೆಳಸಹಿದಾರರು ಕರೆ ಸ್ವೀಕರಿಸಿದರು.

"ಯಾರು, ಅರ್ಕಾದಿ ಲುಕಿಚ್ಚಾ? ನೀವೇ ಸಿಗ್ಬೇಕಿತ್ತಾ. ನಾನು ರಿಮ್ಮಾ."

"ಅರ್ಜಿದಾರರು ನಿಯಮದಂತೆ 'ತಲುಪಿದೆ' ಎಂದಷ್ಟೇ ಹೇಳತಕ್ಕದ್ದು."

"ಅರ್ಜಿದಾರರಂತೆ. ಇನ್ನೂ ಬಿಟ್ಟಿಲ್ವಾ ಅದನ್ನ? ಅಮ್ಮ ಹೇಗಿದಾಳೆ?"

"ಗುಡಿಸ್ತಾ ಇಲ್ಲ."



"ಅವತ್ತಿಂದಾನಾ?"

"ಐದು ವಾರ, ಮೂರು ದಿನ."

"ನಾನು ಫೋನ್ ಮಾಡ್ಬೇಕಿತ್ತು. ಏನ್ ಹೇಳ್ಲಿ ಅಂತ ಗೊತ್ತಾಗ್ಲಿಲ್ಲ. ಬೇಕರೀಲಿ ಕೆಲ್ಸ ಇದೆ, ಒಂದ್ ರೂಮಿದೆ, ಆರೋಗ್ಯವಾಗಿದೀನಿ. ಆದ್ರೆ ಬೆಳಗ್ಗೆ ಎದ್ದ ತಕ್ಷಣ ಕಿಟಕೀನ ಎಡಗಡೆ ಹುಡುಕ್ತೀನಿ. ಇಲ್ಲಿ ಅದು ಬಲಗಡೆ ಇದೆ. ದಿನಾ ಹೀಗೇ. ತಲುಪಿದೀನಿ ಅಂತ ಹೇಗ್ ಹೇಳ್ಲಿ, ನೀವೇ ಹೇಳಿ."

"ಹಾಗಾದರೆ 'ತಲುಪಿಲ್ಲ' ಎಂದು ನಮೂದಿಸಬೇಕೆ?"

"ಹಾಗೂ ಅಲ್ಲ. ವಾಪಸ್ ಬರ್ತೀನಿ ಅಂತಾನೂ ಅಲ್ಲ. ನಿಮ್ಮ ಪುಸ್ತಕದಲ್ಲಿ ಅದಕ್ಕೊಂದು ಮನೆ ಇದೆಯಾ?"

"ಇಲ್ಲ."

"ಅಮ್ಮನಿಗೆ ಹೇಳಿ, ಇನ್ನೂ ಸ್ವಲ್ಪ ದಿನ ಗುಡಿಸ್ಬೇಡ ಅಂತ. ನೀವೂ ಅವಳ ಹತ್ರ ಜಗಳಕ್ಕೆ ಹೋಗ್ಬೇಡಿ. ಅವಳಿಗೆ ಸೊಂಟ ನೋವು."

ಕರೆ ಮುಗಿದ ಮೇಲೆ ಕೆಳಸಹಿದಾರರು ವಹಿಯಲ್ಲಿ "ತಲುಪಿದೆ", "ತಲುಪಿಲ್ಲ" ಎಂಬ ಎರಡು ಅಂಕಣಗಳ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಮೂರನೆಯದೊಂದನ್ನು ಗೆರೆಹೊಡೆದು, ತಲೆಬರಹ ಹೊಳೆಯದೆ, ಅದರಲ್ಲಿ ರಿಮ್ಮಾ ಅವರ ಹೆಸರನ್ನಷ್ಟೇ ಬರೆದರು. ನಂತರ ಮೇಲಂಗಿ ಧರಿಸದೆ ಹೊರಗೆ ಹೋಗಿ ವಿಷಯವನ್ನು ಶ್ರೀಮತಿ ಪುಖೋವಾ ಅವರಿಗೆ ತಿಳಿಸಿದರು. ಅವರು ಮೊದಲಿಗೆ, "ಬೇಕರೀನಾ? ಅವಳಿಗೆ ಹಿಟ್ಟು ಕಲಸೋಕೇ ಬರಲ್ಲ" ಎಂದರು. ಇನ್ನೂ ಎರಡು ಮೆಟ್ಟಿಲಿನ ಮಂಜುಗಡ್ಡೆ ಒಡೆದರು. ಆಮೇಲೆ ಸಲಾಕೆಯ ಮೇಲೆ ಗದ್ದ ಊರಿ ಹೇಳಿದ್ದು:

"ಇದಾಳಲ್ಲ. ಅಷ್ಟು ಸಾಕು. ಇನ್ನು ನಿಧಾನವಾಗಿ ತಲುಪ್ಲಿ."

೮. ಮೇಲಿನ ಕಾರಣಗಳಿಗಾಗಿ ನೆಲ ಗುಡಿಸುವುದನ್ನು ಮುಂದಿನ ಆದೇಶದವರೆಗೆ ತಡೆಹಿಡಿಯಲಾಗಿದೆ. ಮುಂದಿನ ಆದೇಶವನ್ನು ಹೊರಡಿಸತಕ್ಕವರು ಕುಮಾರಿ ರಿಮ್ಮಾ ಪುಖೋವಾ.

೯. ಇಂದಿನಿಂದ ಈ ಕಚೇರಿಯಲ್ಲಿ "ಗುಡಿಸುವ ಸಿಬ್ಬಂದಿ" ಎಂಬ ಹುದ್ದೆ ಇರುವುದಿಲ್ಲ. ಶ್ರೀಮತಿ ಪುಖೋವಾ ಅವರನ್ನು "ನೆಲ ಕಾಯುವವರು" ಎಂದು ಮರುನಾಮಕರಣ ಮಾಡಲಾಗಿದೆ. ಗುಡಿಸುವ ಸಿಬ್ಬಂದಿಯನ್ನು ಬಿಡುಗಡೆ ಮಾಡುವಂತೆ ಜಿಲ್ಲೆಯಿಂದ ಬಂದಿರುವ ಆದೇಶವನ್ನು ಶಿರಸಾವಹಿಸಿ ಪಾಲಿಸಲು ಕಚೇರಿ ಸಿದ್ಧವಿದ್ದು, ಅಂಥ ಸಿಬ್ಬಂದಿ ಕಚೇರಿಯಲ್ಲಿ ಕಂಡುಬಂದ ಕೂಡಲೇ ಪಾಲಿಸಲಾಗುವುದು.

೧೦. ೧೮ರಂದು ಬರುವ ನಿಯೋಗದವರನ್ನು ನೆಲದ ಮೇಲೆಯೇ, ಅಂದರೆ ಸಿಪ್ಪೆಯ ಮೇಲೆಯೇ, ಬರಮಾಡಿಕೊಳ್ಳತಕ್ಕದ್ದು. ಚಹಾ ಹಾಗೂ ಎಲೆಕೋಸಿನ ಕಡುಬು ಕೊಡತಕ್ಕದ್ದು. ಎಷ್ಟು ಜನ ಬರಬಹುದು ಎಂಬ ಅವರ ಪ್ರಶ್ನೆಗೆ ಅಧಿಕೃತ ಉತ್ತರ ಹೀಗಿರತಕ್ಕದ್ದು: ಹೊರಟವರು ಇನ್ನೂರ ಹನ್ನೆರಡು, ಹಿಂದಿರುಗಿದವರು ನೂರ ಅರವತ್ತೆಂಟು, ಬಂದು ಮುಟ್ಟಿದೆವು ಎಂದವರು ನಲವತ್ತಮೂರು, ಇನ್ನೊಬ್ಬರು ನಿಮ್ಮಲ್ಲೇ ಇದ್ದಾರೆ, ದಯವಿಟ್ಟು ಅವಸರಪಡಿಸಬೇಡಿ. ಮುಂದೆ ಎಷ್ಟು ಎಂದು ಒತ್ತಾಯಿಸಿದಲ್ಲಿ ಯೆಫಿಮ್ ಕುಜ್ಮಿಚ್ ಅವರ ಜೇಬುಗಳನ್ನು ತೋರಿಸಬಹುದು.

೧೧. ನಿಯೋಗದವರು ಹಿಂದಿರುಗಿ ಹೊರಟ ಮೇಲೆ, ಅವರು ತಮ್ಮ ಊರು ಮುಟ್ಟಿದ ಬಗ್ಗೆ ೨-೧೪ಕ್ಕೆ ಕರೆ ಮಾಡುವ ತನಕ, ಅವರ ಹೆಜ್ಜೆಗುರುತುಗಳನ್ನೂ ಯಾರೂ ಮುಟ್ಟತಕ್ಕದ್ದಲ್ಲ. ಅವರೂ ಯಾರದೋ ಮನೆಯ ಮಕ್ಕಳು ಎಂಬುದು ನೆಲ ಕಾಯುವವರ ಅಭಿಪ್ರಾಯ, ಕಚೇರಿ ಸಹಮತಿಸಿದೆ.

(ಸಹಿ)
ಅರ್ಕಾದಿ ಲುಕಿಚ್ ಮೊರೊಷ್ಕಿನ್
ಮುಖ್ಯಸ್ಥರು, ನಿರ್ಗಮನ ಅನುಮತಿ ಕಚೇರಿ, ಕಾಮ್ನಿ

ಪ್ರತಿಗಳು:
೧. ಜಿಲ್ಲಾ ಕಚೇರಿಗೆ, ಕಂಡಿಕೆ ೯ರತ್ತ ವಿಶೇಷ ಗಮನಕ್ಕಾಗಿ.
೨. ಬಸ್ಸಿನ ಚಾಲಕರಿಗೆ, ಗೇರ್ ದುರಸ್ತಿಯಲ್ಲಿ ಆತುರ ಬೇಡವೆಂಬ ಕೋರಿಕೆಯೊಂದಿಗೆ.
೩. ಯೆಫಿಮ್ ಕುಜ್ಮಿಚ್ ಅವರಿಗೆ, ೧೮ರಂದು ಎರಡೂ ಜೇಬುಗಳೊಂದಿಗೆ ಹಾಜರಿರಲು.
೪. ದಂತವೈದ್ಯರ ಮನೆಯವರಿಗೆ. ಅವರ ಟೋಪಿ ಇಲ್ಲಿ ಸಿಕ್ಕಿಲ್ಲ.
೫. ಶ್ರೀಮತಿ ಅಗ್ರಫೇನಾ ಯೆಗೊರೊವ್ನಾ ಪುಖೋವಾ ಅವರಿಗೆ. ಕೆಳಸಹಿದಾರರೇ ಖುದ್ದು ಓದಿ ಹೇಳತಕ್ಕದ್ದು.
೬. ಕುಮಾರಿ ರಿಮ್ಮಾ ಪುಖೋವಾ ಅವರಿಗೆ, ಯೋಯೆನ್ಸೂ. ಕಾರಣ ನಮೂದಿಸುವ ಅಗತ್ಯವಿಲ್ಲ. ಉತ್ತರಕ್ಕೆ ಗಡುವಿಲ್ಲ.