ದೇವಸಗಾಯಂ ಹಿಡಿದ ಕಳ್ಳ

ಸಿಡಿಲು ಬಡಿಯದಂತೆ ಚರ್ಚಿನ ಗೋಪುರದಿಂದ ನೆಲದವರೆಗೆ ಇಳಿಬಿಟ್ಟಿದ್ದ ತಾಮ್ರದ ಪಟ್ಟಿಯನ್ನು ಯಾರೋ ಕಿತ್ತುಕೊಂಡು ಹೋದ ಸುದ್ದಿ ಕೇಳಿ ಅಡ್ಯಾರಿನ ಆ ಬೀದಿಯವರೆಲ್ಲ ಅಯ್ಯೋ ಎಂದರು. ಶಿವರಾಮು ಮಾತ್ರ ಹೆಂಡತಿಯಿಂದ ಇನ್ನೊಂದು ಲೋಟ ಕಾಫಿ ಕೇಳಿ ಕುಡಿದ. ಅವನು ವಿಮಾ ಕಂಪನಿಯೊಂದರಲ್ಲಿ ಪಾಲಿಸಿ ಮಾರುವ ಅಧಿಕಾರಿ. ೨೦೦೧ರ ಮಾರ್ಚ್ ಮುಗಿಯಲು ಒಂದೇ ವಾರ ಉಳಿದಿತ್ತು. ಈ ವರ್ಷವೂ ಗುರಿ ಮುಟ್ಟದಿದ್ದರೆ ಮಾಧವರಂ ಶಾಖೆಗೆ ಎತ್ತಿಹಾಕುತ್ತೇನೆಂದು ಮ್ಯಾನೇಜರು ಹೇಳಿಯಾಗಿತ್ತು. ಅಲ್ಲಿಗೆ ಹೋಗಿಬರಲು ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಜೋತಾಡಬೇಕು.

ಚರ್ಚಿನ ಫಾದರ್ ಲಿಗೋರಿ ಮಂಗಳೂರಿನ ಕಡೆಯವರು. ತಮಿಳರೇ ತುಂಬಿದ್ದ ಆ ಬೀದಿಯಲ್ಲಿ ಕನ್ನಡ ಮಾತಾಡಲು ಸಿಗುವವರು ಕಡಿಮೆಯಾದ್ದರಿಂದ ಶಿವರಾಮುವನ್ನು ಕಂಡರೆ ಅವರಿಗೆ ಖುಷಿ. ಶನಿವಾರ ಬೆಳಿಗ್ಗೆಯೇ ಅಳತೆ ಟೇಪು ಹಿಡಿದು ಬಂದವನನ್ನು ನೋಡಿ ನಕ್ಕರು.

“ಎಂತದು ಮಾರಾಯ್ರೆ, ದೇವರಿಗೂ ಪಾಲಿಸಿಯಾ?”

“ದೇವರಿಗಲ್ಲ ಫಾದರ್, ದೇವರ ಸಾಮಾನಿಗೆ.”

“ಆಯ್ತು. ಸಂಜೆ ಆರಕ್ಕೆ ಕಮಿಟಿ ಉಂಟು. ಇಲ್ಲಿ ಭದ್ರತೆ ಸಾಲುದಿಲ್ಲ ಅಂತ ಅವರಿಗೆ ಮನದಟ್ಟು ಮಾಡಿ. ಅವರು ಒಪ್ಪಿದ್ರೆ ನನ್ನದೇನೂ ಅಡ್ಡಿ ಇಲ್ಲ.”

ಭದ್ರತೆ ಸಾಲದೆಂದು ತೋರಿಸಲು ಕಷ್ಟಪಡಬೇಕಾಗಿರಲಿಲ್ಲ. ಗೇಟು ತೆಂಗಿನ ಹಗ್ಗದ ಕೃಪೆಯಲ್ಲಿ ನಿಂತಿತ್ತು. ಹಿಂದಿನ ಅಂಗಳದಲ್ಲಿ ಸಮಾಧಿಗಳ ನಡುವೆ ನಾಲ್ಕು ಮೇಕೆಗಳು ಮನೆಯವರಂತೆ ಓಡಾಡುತ್ತಿದ್ದವು. ಬ್ರಿಟಿಷರ ಕಾಲದ ಕಪ್ತಾನನೊಬ್ಬನ ಸಮಾಧಿಯ ಚಪ್ಪಡಿ ಮೇಲೆ, ಶಿವರಾಮುವಿನ ಎದುರು ಫ್ಲಾಟಿನ ಅನಸೂಯಮ್ಮ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದರು.

“ಅಲ್ಲಾರೀ, ಗೇಟಿಗೆ ಬೀಗ ಹಾಕಿಸ್ತೀರಂತೆ? ಸಂಡಿಗೆ ಎಲ್ಲಿ ಒಣಗಿಸ್ಲಿ, ನಿಮ್ಮ ತಲೆ ಮೇಲಾ?”

ಅವನ ತಲೆ ಅದಕ್ಕೆ ಬೇಕಾದಷ್ಟು ಬೋಳಾಗಿಯೂ ಇತ್ತು. ಅವನು ಮುಂದೆ ಸರಿದು ಗೋಡೆ ಅಳೆಯತೊಡಗಿದ.

ಬೇವಿನ ಮರದ ಬುಡದಲ್ಲಿ ವಾಚ್‌ಮನ್ ದೇವಸಗಾಯಂ ಬಾಯಿ ತೆರೆದು ನಿದ್ರಿಸುತ್ತಿದ್ದ. ಅರವತ್ತು ದಾಟಿದ ಮನುಷ್ಯ.

“ಕೇಳಿದ್ರೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುದು ಅಂತಾನೆ,” ಫಾದರ್ ದನಿ ತಗ್ಗಿಸಿದರು. “ಇವನನ್ನು ಕೆಲಸದಿಂದ ಬಿಡಿಸುವ ಅಂತ ಕಮಿಟಿಯವರು ಹೇಳ್ತಿದ್ದಾರೆ. ಪಾಪ, ಹೆಂಡತಿ ಹಾಸಿಗೆ ಹಿಡಿದಿದ್ದಾಳೆ.”

ಪಾಪ ಎಂದು ಶಿವರಾಮುವಿಗೂ ಅನ್ನಿಸಿತು. ಆದರೆ ಅದರ ಹಿಂದೆಯೇ ಮಾಧವರಂ ಬಸ್ಸೂ ಕಣ್ಣ ಮುಂದೆ ಹಾದುಹೋಯಿತು. ಮಧ್ಯಾಹ್ನ ಊಟ ಮಾಡುತ್ತಿದ್ದಾಗ ಅವನಿಗೆ ಯೋಚನೆಯೊಂದು ಹೊಳೆಯಿತು. ಹಾಡಹಗಲೇ ಹಿಂದಿನ ಗೋಡೆ ಹತ್ತಿ ಇಳಿದು, ಪೂಜಾಪೀಠದ ಬಳಿ ತನ್ನ ವಿಸಿಟಿಂಗ್ ಕಾರ್ಡ್ ಇಟ್ಟು ಬರುವುದು. ಸಂಜೆ ಕಮಿಟಿಯವರ ಮುಂದೆ ‘ಹೋಗಿ ನೋಡಿ ಸ್ವಾಮಿ’ ಎನ್ನುವುದು. ತನ್ನ ಬುದ್ಧಿಗೆ ತಾನೇ ಮೆಚ್ಚಿ ಅವನು ಇನ್ನೊಂದು ಸೌಟು ಹುಳಿ ಹಾಕಿಸಿಕೊಂಡ.

ಎರಡು ಗಂಟೆಗೆ, ಗೋಡೆಯ ಮೇಲಿನ ಗಾಜಿನ ಚೂರುಗಳಿಗೆ ಗೋಣಿಚೀಲ ಮಡಿಸಿ ಹಾಕಿ ಹತ್ತಿದ. ಹತ್ತುವುದೇನೋ ಆಯಿತು. ಇಳಿಯಲು ಹೊರಟಾಗ ಗೋಡೆಯಲ್ಲಿದ್ದ ಹಳೆಯ ಕಬ್ಬಿಣದ ಮೊಳೆಯೊಂದು ಪ್ಯಾಂಟಿನ ಹಿಂಭಾಗವನ್ನು ಹಿಡಿದುಕೊಂಡಿತು. ಒಂದು ಕಾಲು ಹಿಂದಿನ ಖಾಲಿ ಓಣಿಗೆ, ಇನ್ನೊಂದು ಸಮಾಧಿಗಳ ಕಡೆಗೆ. ಹಗ್ಗದ ಮೇಲೆ ಒಣಹಾಕಿದ ಪೈಜಾಮದಂತೆ ಅವನು ನೇತಾಡಿದ. ಮುಂದೆ ಬಗ್ಗಿದರೆ ಪ್ಯಾಂಟು ಪರ್ ಎನ್ನುತ್ತಿತ್ತು, ಹಿಂದೆ ಸರಿದರೆ ಗಾಜು ಚುಚ್ಚುತ್ತಿತ್ತು.

ಹತ್ತು ಮಾರು ದೂರದಲ್ಲಿ ದೇವಸಗಾಯಂ ಪ್ರಾರ್ಥನೆಯಲ್ಲಿ ಮುಳುಗಿದ್ದ.

“ದೇವಸಗಾಯಂ... ಯಪ್ಪಾ ದೇವಸಗಾಯಂ...” ಮೊದಲು ಪಿಸುಗುಟ್ಟಿದ. ಆಮೇಲೆ ಕೂಗಿದ. ಮೇಕೆಗಳು ತಲೆಯೆತ್ತಿ ನೋಡಿದವು, ಅವನು ಏಳಲಿಲ್ಲ. ಇಂಥ ಕಾವಲುಗಾರನಿಂದ ಏನೂ ಉಪಯೋಗವಿಲ್ಲವೆಂದು ಸಾಧಿಸಲು ಬಂದ ತಾನು, ಅದು ನಿಜವಾಗಿದ್ದಕ್ಕೇ ಅಳುವಂತಾಯಿತಲ್ಲ! ತಾನೆಂಥ ಬೃಹಸ್ಪತಿ ಎಂದು ಯೋಚಿಸಲು ಶಿವರಾಮುವಿಗೆ ಆ ಗೋಡೆಯ ಮೇಲೆ ಇಪ್ಪತ್ತು ನಿಮಿಷ ಸಿಕ್ಕಿತು.

ಕೊನೆಗೆ ಕಾಲಿನ ಬೂಟು ಬಿಚ್ಚಿ ಎಸೆದ. ಅದು ಕಪ್ತಾನನ ಸಂಡಿಗೆಯ ಮೇಲೆ ಬಿತ್ತು. ಇನ್ನೊಂದನ್ನು ಎಸೆದ. ಅದು ನೇರವಾಗಿ ದೇವಸಗಾಯಂನ ಹೊಟ್ಟೆಗೆ ಬಡಿಯಿತು.

ಅವನು ಧಡಕ್ಕನೆ ಎದ್ದ. ಗೋಡೆಯ ಮೇಲೊಬ್ಬ ಮನುಷ್ಯ! “ತಿರುಡನ್! ತಿರುಡನ್!” ಎಂದು ಅರಚುತ್ತ ಓಡಿಬಂದು ಶಿವರಾಮುವಿನ ಕಾಲನ್ನು ಅಪ್ಪಿಕೊಂಡು ವಿಸಿಲ್ ಊದಿದ. ಬೀದಿಗೆ ಬೀದಿಯೇ ಕಳ್ಳನನ್ನು ನೋಡಲು ಬಂತು.

“ನಾನು ಕಳ್ಳನಲ್ಲ! ಅನಸೂಯಮ್ನೋರೇ, ಹೇಳ್ರೀ ಇವರಿಗೆ!”

ಅನಸೂಯಮ್ಮ ಸಂಡಿಗೆಯೊಳಗಿದ್ದ ಬೂಟನ್ನು ನೋಡಿದರು, ಅವನನ್ನು ನೋಡಿದರು. ಎಲ್ಲರಿಗೂ ಕೇಳುವಂತೆ ತಮಿಳಿನಲ್ಲಿ, “ಗುರುತೇನೋ ಇದೆ. ಬೆಳಿಗ್ಗೆಯಿಂದ ಗೋಡೆ ಅಳೀತಾ ಇದ್ದ, ಅದೂ ನಿಜ,” ಎಂದರು.

ಫಾದರ್ ಏಣಿ ತರಿಸಿ ಇಳಿಸುವ ಹೊತ್ತಿಗೆ ಪ್ಯಾಂಟಿನ ಅರ್ಧ ಭಾಗ ಗೋಡೆಯಲ್ಲೇ ಉಳಿದಿತ್ತು. ಭದ್ರತೆಯ ಪರೀಕ್ಷೆಗೆಂದು ಹತ್ತಿದ್ದೆ ಎಂದು ಅವನು ಅವರಿಗೆ ಹೇಳಿದ.

ಸಂಜೆ ಬೇರೆ ಪ್ಯಾಂಟು ಹಾಕಿಕೊಂಡು ಕಮಿಟಿಗೆ ಹೋದ. ಒಳಗೆ ದೇವಸಗಾಯಂಗೆ ಶಾಲು ಹೊದಿಸುತ್ತಿದ್ದರು.

“ಭಾರೀ ಒಳ್ಳೆ ಪರೀಕ್ಷೆ ಮಾಡಿದ್ರಿ ಮಾರಾಯ್ರೆ!” ಫಾದರ್ ಅವನ ಕೈ ಕುಲುಕಿದರು. “ಮಟಮಟ ಮಧ್ಯಾಹ್ನವೂ ನಮ್ಮವನು ಕಳ್ಳನನ್ನು ಬಿಡುದಿಲ್ಲ ಅಂತಾಯ್ತು. ಇನ್ನು ಪಾಲಿಸಿ ಯಾಕೆ ಅಂತ ಕಮಿಟಿ ಕೇಳ್ತದೆ.”

“ಅಯ್ಯೋ ಫಾದರ್, ಅವನನ್ನ ಎಬ್ಬಿಸಿದ್ದೇ ನಾನು! ಬೂಟಿನಲ್ಲಿ ಹೊಡೆದು ಎಬ್ಬಿಸಿದೆ!”

ಫಾದರ್ ಅದನ್ನು ತಮಿಳಿನಲ್ಲಿ ಹೇಳಿದರು. ಕಮಿಟಿಯ ಎಂಟು ಜನರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೋಡೆ ಹತ್ತಿದವನು ವಾಚ್‌ಮನ್‌ನನ್ನು ತಾನೇ ಎಬ್ಬಿಸುವುದುಂಟೆ? ಶಿವರಾಮು ಸಾಕ್ಷಿಗಾಗಿ ದೇವಸಗಾಯಂನ ಮುಖ ನೋಡಿದ. ಮುದುಕ ತಲೆ ತಗ್ಗಿಸಿ ಶಾಲಿನ ಅಂಚು ಮಡಿಸುತ್ತಿದ್ದ. ಹೆಂಡತಿ ಹಾಸಿಗೆ ಹಿಡಿದಿದ್ದಾಳೆ ಎಂದ ಫಾದರ್ ಮಾತು ನೆನಪಾಯಿತು. ಶಿವರಾಮು ಬಾಯಿ ಮುಚ್ಚಿಕೊಂಡು, ಕೊಟ್ಟ ಟೀ ಕುಡಿದು ಎದ್ದ.

ಮಾಧವರಂ ಬಸ್ಸಿನ ನಂಬರು ಯಾವುದೆಂದು ಯೋಚಿಸುತ್ತ ಮನೆಗೆ ಬಂದರೆ ಹೆಂಡತಿ ಉಷಾ ನಗುಮೊಗದಿಂದ ಬಾಗಿಲು ತೆಗೆದಳು.

“ರೀ, ನೀವು ಹೋದ ಮೇಲೆ ನಮ್ಮ ಫ್ಲಾಟಿನೋರೆಲ್ಲ ಮೀಟಿಂಗ್ ಮಾಡಿದ್ರು. ಆ ದೇವಸಗಾಯಂನ ಚುರುಕು ನೋಡಿ ಎಲ್ರಿಗೂ ಆಶ್ಚರ್ಯ ಆಗ್ಬಿಟ್ಟಿದೆ. ಸೋಮವಾರದಿಂದ ರಾತ್ರಿ ಹೊತ್ತು ನಮ್ಮ ಬಿಲ್ಡಿಂಗ್ ಕಾವಲಿಗೂ ಅವನೇ ಅಂತೆ. ಇನ್ಮೇಲೆ ನಿಶ್ಚಿಂತೆಯಾಗಿ ಮಲಗಬಹುದು ಅಂದ್ರು.”

“ಮಲಗೋದು ಯಾರು?” ಎಂದ ಶಿವರಾಮು.