ಉಲ್ಟಾ ಅಕ್ಷರದ ಆಚಾರಿ

ನನ್ನ ಸೋದರಮಾವನಷ್ಟು ಪ್ರಾಮಾಣಿಕನಾದ ಸುಳ್ಳುಗಾರನನ್ನು ನಾನು ಕಂಡಿಲ್ಲ. ದಿನಕ್ಕೆ ಒಂದೇ ಸುಳ್ಳು, ಅದೂ ಒಂದೇ ಶಬ್ದದ್ದು: "ಖಲಾಸ್!" ಮುಗಿಯಿತು ಎಂದರ್ಥ. ಮುಗಿಸಿರುತ್ತಿರಲಿಲ್ಲ ಎಂಬುದೇ ಈ ಕಥೆ.

ಕಾರ್ಕಳದ ಕಡೆಯ ಅಕ್ಕಸಾಲಿಗನಾದ ಮಾವ, ಯೆಮನ್ ಗಡಿಗೆ ತಾಗಿದ ನಜ್ರಾನಿನ ಒಂದು ಹಳೆ ಬೆಳ್ಳಿಯಂಗಡಿಯಲ್ಲಿ ರಿಪೇರಿಗಿದ್ದ. ಅಲ್ಲಿಗೆ ಬರುವ ಡಾಬು, ತಾಯಿತಗಳ ಬೆನ್ನಿನಲ್ಲಿ ಕೆಲವೊಮ್ಮೆ ಪುಟ್ಟ ಹೀಬ್ರೂ ಅಕ್ಷರಗಳಿರುತ್ತಿದ್ದವು. ಕಳೆದ ಶತಮಾನದ ನಡುವಿನಲ್ಲಿ ಊರು ಬಿಟ್ಟ ಯಹೂದಿ ಬೆಳ್ಳಿ ಕೆಲಸಗಾರರ ಹೆಸರುಗಳವು. ಜನ ಹೋದರು, ಹೆಸರಾದರೂ ಉಳಿಯಬೇಡವೇ? ಬೇಡ ಎಂಬುದು ಅಂಗಡಿಯ ಯಜಮಾನನ ಅಭಿಪ್ರಾಯ. "ಯಲ್ಲಾ, ಮಿಟಾ ದೋ!" ಎಂದು, ಉಜ್ಜಿ ಅಳಿಸುವುದಕ್ಕೆ ಅರ ತೋರಿಸುತ್ತಿದ್ದ. ಮಾವ ಒಳಹೋಗಿ, ಆ ಅಕ್ಷರಗಳ ಮೇಲೆ ಕರಿ ಅರಗು ಕರಗಿಸಿ ತುಂಬಿ, ನುಣ್ಣಗೆ ಉಜ್ಜಿ, ಹೊರಬಂದು ಯಜಮಾನನಿಗೆ "ಖಲಾಸ್, ಅರ್ಬಾಬ್!" ಎನ್ನುತ್ತಿದ್ದ. ಕಾಯಿಸಿದರೆ ಅರಗು ಇಳಿಯುತ್ತದೆ, ಹೆಸರು ಎದ್ದು ಬರುತ್ತದೆ!

"ಸಿಕ್ಕಿಬಿದ್ದರೆ ಏನು ಗತಿ ಮಾವ?" ಎಂದು ನಾನು ಅದೇ ದೇಶದ ಇನ್ನೊಂದು ತುದಿಯ ಅಲ್ ಖೋಬರಿನಿಂದ ಫೋನಿನಲ್ಲಿ ಗದರಿಸುತ್ತಿದ್ದೆ. ಅಲ್ಲಿನ ಭಾರತೀಯ ಶಾಲೆಯೊಂದರಲ್ಲಿ ನಾನು ಶಿಕ್ಷಕಿ.

"ಇನ್ನೊಬ್ಬ ಆಚಾರಿ ಹೊಡೆದ ಹೆಸರಿಗೆ ಅರ ಹಾಕುದಾ? ಈ ಕೈಯಲ್ಲಿ ಮತ್ತೆ ಊಟ ಮಾಡ್ಲಿಕ್ಕುಂಟಲ್ಲ ಮಾರಾಯ್ತಿ!"

ಮುಚ್ಚುವ ಮೊದಲು ಪ್ರತಿ ಹೆಸರನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದ. ಅದರ ಫೋಟೊಗಳು ನನಗೆ ಬರುತ್ತಿದ್ದವು. ದೂರದೇಶದಲ್ಲಿರುವ, ನಜ್ರಾನಿನಿಂದ ಹೋದ ಯಹೂದಿ ಕುಟುಂಬದ ಒಬ್ಬ ವೃದ್ಧೆ ಈ ಕೆಲಸಗಾರರ ಹೆಸರುಗಳನ್ನು ಸಂಗ್ರಹಿಸಿ ತಮ್ಮ ಸಮುದಾಯದ ಮಕ್ಕಳಿಗೆ ಪಾಠ ಹೇಳುತ್ತಾರೆಂದು ಹುಡುಕಿ ತಿಳಿದುಕೊಂಡೆ. ಮಾವ ಬರೆದಿಟ್ಟ ಹೆಸರುಗಳ ಫೋಟೊಗಳನ್ನೆಲ್ಲ ಅವರಿಗೆ ಕಳಿಸಿದೆ. ಅವರ ಉತ್ತರ ಬಹಳ ಸೌಜನ್ಯದ್ದು: ಅಕ್ಷರಗಳು ಸುಂದರವಾಗಿವೆ, ಒಂದನ್ನೂ ಓದಲಾಗುತ್ತಿಲ್ಲ.

"ಅವರ ಅಕ್ಷರ ಅವರಿಗೇ ಬರುದಿಲ್ಲಾಂದ್ರೆ ನಾನು ಎಂತ ಮಾಡುದು?" ಎಂದು ಮಾವ ಸಿಡುಕಿದ. ಎರಡು ದಿನ ಬಿಟ್ಟು ಅವನದೇ ಫೋನು. "ಹೇ, ನಾನು ಬೆಳ್ಳಿ ನೋಡಿ ಬರೆದದ್ದಲ್ಲ ಮಾರಾಯ್ತಿ! ಬಿಸಿ ಅರಗಿಗೆ ಒತ್ತಿ, ಅದನ್ನು ನೋಡಿ ಬರೆದದ್ದು. ಉಲ್ಟಾ ಆಗದೆ ಇರ್ತದಾ? ಅಜ್ಜಿಗೆ ಕನ್ನಡಿ ಹಿಡೀಲಿಕ್ಕೆ ಹೇಳು!"

ಅಜ್ಜಿ ಕನ್ನಡಿ ಹಿಡಿದರು. ಏಳನೆಯ ಹೆಸರು ಅವರ ಅಜ್ಜನದು. ಅಜ್ಜ ನಜ್ರಾನಿನಲ್ಲಿ ಬೆಳ್ಳಿ ಕೆಲಸ ಮಾಡುತ್ತಿದ್ದರೆಂದು ಕೇಳಿದ್ದರಂತೆ. ಅವರ ಕೈಯ ಗುರುತನ್ನು ಕಂಡದ್ದು ಅದೇ ಮೊದಲಂತೆ.

ತಾವು ಸಂಗ್ರಹಿಸಿದ ಪಟ್ಟಿಗೆ ಮಾವನ ಹೆಸರನ್ನೂ, ಅವನದೇ ಲಿಪಿಯಲ್ಲಿ, ಸೇರಿಸಬೇಕೆಂದು ಅಜ್ಜಿ ಹಟ ಹಿಡಿದರು. "ನನ್ನದೆಂತಕ್ಕೆ? ನಾನು ರಿಪೇರಿಯವ" ಎಂದು ಮಾವ ನಾಚಿದ. ಮೂವತ್ತು ವರ್ಷದ ದುಡಿಮೆಯಲ್ಲಿ ಒಂದು ಉಂಗುರದ ಮೇಲೂ ತನ್ನ ಹೆಸರು ಹೊಡೆಯುವ ಅಧಿಕಾರ ಅವನಿಗೆ ಇರಲಿಲ್ಲ. ದುಡಿದವನ ಹೆಸರನ್ನು ಅಳಿಸುವುದಕ್ಕೆ ಅರವೇ ಬೇಕೆಂದಿಲ್ಲ, ನೋಡಿ! ಆದರೂ ವಾರದೊಳಗೆ ತನ್ನ ಹೆಸರಿನ ಉಕ್ಕಿನ ಅಚ್ಚೊಂದನ್ನು ಕೊರೆದು, ಅದರ ಫೋಟೊ ಕಳಿಸಿದ. ನಾನು ನೋಡಿದೆನೋ ಇಲ್ಲವೋ, ಹಾಗೆಯೇ ಅಜ್ಜಿಗೆ ದಾಟಿಸಿದೆ. ಆಗ ನನ್ನ ತಲೆಯಲ್ಲಿ ಬೇರೆಯದೇ ಇತ್ತು.

ಗಡಿಯಾಚೆಯಿಂದ ಶೆಲ್‌ಗಳು ಬೀಳತೊಡಗಿದ್ದವು. ಯಜಮಾನ ಅಂಗಡಿ ಮುಚ್ಚಿ ರಿಯಾದಿಗೆ ಹೊರಟುಹೋದ. ಮಾವನ ಪಾಸ್‌ಪೋರ್ಟ್ ಯಜಮಾನನ ಪೆಟ್ಟಿಗೆಯಲ್ಲೇ ಉಳಿಯಿತು. ಕೆಲಸಗಾರನ ಪಾಸ್‌ಪೋರ್ಟನ್ನು ಹೀಗೆ ಇಟ್ಟುಕೊಳ್ಳುವುದು ಅಲ್ಲಿನ ಕಾನೂನಿಗೇ ವಿರುದ್ಧ. ಯಜಮಾನನ ಸಹಿಯಿಲ್ಲದೆ ಕೆಲಸಗಾರ ದೇಶ ಬಿಡುವಂತಿಲ್ಲ ಎಂಬ ನಿಯಮವೋ, ಕಾನೂನುಬದ್ಧವಾದ ಸಂಕೋಲೆ! ಬರೆಯಬೇಕಾದವರಿಗೆಲ್ಲ ಬರೆದೆ.

"ಎಂತಾಯ್ತು ಮಾವ?"

"ಸಹಿ ನಾಳೆ ಅಂತೆ. ನೀನು ಮಕ್ಕಳಿಗೆ ಪಾಠ ಮಾಡು, ಹೋಗು. ನಂಗೆ ಹೆದರಿಕೆ ಎಲ್ಲ ಖಲಾಸ್."

ಅದು ಅವನ ಕೊನೆಯ ಸುಳ್ಳು. ನಾಲ್ಕು ಜನರಿದ್ದ ಕೋಣೆಯಲ್ಲಿ, ಮಧ್ಯಾಹ್ನ, ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಶವ ಊರಿಗೆ ಹೋಗಲೂ ಯಜಮಾನನ ಸಹಿಯೇ ಬೇಕಿತ್ತು. ಇಪ್ಪತ್ತಾರು ದಿನ ಮಾವ ಶವಾಗಾರದಲ್ಲಿ ಕಾದ. ಬದುಕಿದ್ದಾಗ ಬಾರದ ಸಹಿ, ಕೊನೆಗೆ, ಬಂತು. ಸಾಮಾನಿನೊಂದಿಗೆ ಆ ಉಕ್ಕಿನ ಅಚ್ಚೂ ಊರು ಸೇರಿತು. ಅದು ಒಮ್ಮೆಯೂ ಬೆಳ್ಳಿಯನ್ನು ಮುಟ್ಟಿರಲಿಲ್ಲ.

ತಿಂಗಳುಗಳ ನಂತರ ಅಜ್ಜಿಯಿಂದ ಒಂದು ಫೋಟೊ ಬಂತು. ಪಾಠದ ಕೋಣೆಯ ಗೋಡೆ. ಅದರ ಮೇಲೆ ನಜ್ರಾನಿನ ಬೆಳ್ಳಿ ಕೆಲಸಗಾರರ ಪಟ್ಟಿ. ಕೊನೆಯ ಸಾಲನ್ನು ನನ್ನ ಸಹೋದ್ಯೋಗಿ ಕನ್ನಡಕ ಸರಿಸಿ ನೋಡಿ, "ಇದು ಸಿಂಹಳವಾ ಟೀಚರ್?" ಎಂದರು.

ಫೋನನ್ನು ಕನ್ನಡಿಗೆ ಹಿಡಿದೆ. ಮಾವನ ಹೆಸರು! ಅಚ್ಚಿನಲ್ಲಿ ಅಕ್ಷರವನ್ನು ಉಲ್ಟಾ ಕೊರೆದರಷ್ಟೇ ಬೆಳ್ಳಿಯ ಮೇಲೆ ನೆಟ್ಟಗೆ ಬೀಳುತ್ತದೆ. ಕನ್ನಡವರಿಯದ ಅಜ್ಜಿ, ಕಂಡದ್ದನ್ನು ಕಂಡಂತೆ, ಒಂದು ಕೊಂಬೂ ತಪ್ಪದಂತೆ ತಾವೇ ಕೈಯಾರೆ ಬರೆದಿದ್ದರು. ಪ್ರತಿ ವಾರ ಮಕ್ಕಳು ಅದರ ಕೆಳಗೆ ಕೂತು ಹೆಸರುಗಳನ್ನು ಓದುತ್ತಾರಂತೆ. ಮಾವನದು ಬಂದಾಗ, ಅಜ್ಜಿ ಮೇಜಿನ ಮೇಲಿನ ಕನ್ನಡಿಯನ್ನು ತೋರಿಸಿ ಅವನ ಕಥೆ ಹೇಳುತ್ತಾರಂತೆ.

ತಪ್ಪು ಕಂಡಲ್ಲೆಲ್ಲ ಪತ್ರ ಬರೆಯುವ ನಾನು ಅಜ್ಜಿಗೂ ಬರೆಯಲು ಕೂತೆ. ಅಕ್ಷರ ಉಲ್ಟಾ ಇದೆ ಎಂದು ಟೈಪ್ ಮಾಡಿದೆ; ಅಳಿಸಿದೆ. ಒತ್ತಲು ಸಿದ್ಧವಾಗಿರುವ ಅಚ್ಚಿನಂತೆ ಅದು ಅಲ್ಲಿಯೇ ಇರಲಿ.